ಬೂದಿಯ ಸರದಿ

ಬೋನಿನ ಬಾಗಿಲು ಖಟ್ಟನೆ ಬಿತ್ತು. ಪಂಪಿನ ಕೋಣೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ ಅತ್ತೆ ಮಂಡಿ ಹಿಡಿದುಕೊಂಡೇ ಎದ್ದು ಓಡಿದಳು. ಒಳಗೆ ಬೂದಿ ಎಂಬ ಬೆಕ್ಕು ಹುಚ್ಚೆದ್ದು ಒಂದು ಮಗ್ಗುಲ ಸರಳಿನಿಂದ ಇನ್ನೊಂದಕ್ಕೆ ಹಾರಿ ಬೀಳುತ್ತಿತ್ತು. ಆಕೆ ಹಳೇ ಪರದೆಯಿಂದ ತಾನೇ ಹೊಲಿದಿದ್ದ ಗವಸನ್ನು ಬೋನಿನ ಮೇಲೆ ಎಳೆದಳು. ಕತ್ತಲಾದ ಕೂಡಲೇ ಒಳಗಿನ ಸದ್ದು ನಿಂತಿತು. ಕತ್ತಲಾದರೆ ಬೆಕ್ಕು ತಾನು ಅಡಗಿಕೊಂಡೆ ಎಂದುಕೊಳ್ಳುತ್ತದೆ. ಇಷ್ಟು ಬೆಕ್ಕು ಹಿಡಿದ ಮೇಲೆ ಅಷ್ಟು ಆಕೆಗೆ ಗೊತ್ತಿತ್ತು. ಆದರೆ ಗವಸು ಇಳಿಯುವ ಮುಂಚೆ ಬೂದಿಯ ಹೊಟ್ಟೆ ಕಣ್ಣಿಗೆ ಬಿದ್ದುಹೋಗಿತ್ತು. ದೂರದಿಂದ ಅನುಮಾನವಷ್ಟೇ ಇದ್ದದ್ದು ಈಗ ಖಾತ್ರಿಯಾಯಿತು.

"ಅದು ನನ್ನ ಬಟ್ಟಲು."

ಅತ್ತೆ ತಿರುಗಿ ನೋಡಿದಳು. ಹಿತ್ತಲಿಗೆ ಇಳಿಯುವ ಮೆಟ್ಟಿಲ ಕೊನೆಯಲ್ಲಿ ಸೊಸೆ ನಿಂತಿದ್ದಳು, ಬರಿಗಾಲಲ್ಲಿ, ರಾತ್ರಿಯ ಬಟ್ಟೆಯಲ್ಲೇ.

"ಬೋನಿನೊಳಗೆ ಇಟ್ಟಿದೀರಲ್ಲ, ನೀಲಿ ಬಟ್ಟಲು. ನಾನು ಅದಕ್ಕೆ ಅನ್ನ ಹಾಕೋ ಬಟ್ಟಲು."

"ಬೇರೆ ತಟ್ಟೇಲಿ ಇಟ್ರೆ ಮೂಸಿಯೂ ನೋಡಲ್ಲ ಕಣಮ್ಮ ಇದು," ಎಂದಳು ಅತ್ತೆ. "ನಿನ್ನ ಕೈ ವಾಸನೆ ಇದ್ರೆ ಮಾತ್ರ."

ಸೊಸೆ ಬೋನಿನ ಗವಸನ್ನೇ ನೋಡುತ್ತ ನಿಂತಳು. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಅತ್ತೆಗೆ.

ಆ ನಾಲ್ಕು ಮಹಡಿಯ ಕಟ್ಟಡದಲ್ಲಿ ಅತ್ತೆಯನ್ನು ಎಲ್ಲರೂ ಪರದೆಯಮ್ಮ ಎನ್ನುತ್ತಿದ್ದರು. ಅರ್ಧ ಕಟ್ಟಡದ ಕಿಟಕಿಗಳಿಗೆ ಆಕೆಯೇ ಪರದೆ ಹೊಲಿದುಕೊಟ್ಟಿದ್ದಳು. ಹಿತ್ತಲಿನ ಬೆಕ್ಕುಗಳು ಆಕೆಯ ಕೊರಳಿಗೆ ಬಿದ್ದದ್ದು ಕಳೆದ ವರ್ಷ. ಕಸದ ತೊಟ್ಟಿಯ ಸುತ್ತ ಬೆಳೆದ ಬೆಕ್ಕುಗಳು ಒಂದಕ್ಕೆರಡಾಗಿ, ಎರಡಕ್ಕೆ ಹತ್ತಾಗಿ, ಕಾರುಗಳ ಮೇಲೆಲ್ಲ ಹೆಜ್ಜೆ, ರಾತ್ರಿಯೆಲ್ಲ ಕಚ್ಚಾಟ. ಒಂದು ಬೆಳಿಗ್ಗೆ ಯಾರೋ ವಿಷ ಬೆರೆಸಿದ ಮೀನು ಇಟ್ಟಿದ್ದರು. ಪೈಲ್ವಾನ ಎಂದು ಮಕ್ಕಳು ಕರೆಯುತ್ತಿದ್ದ ದಪ್ಪ ಗಂಡುಬೆಕ್ಕು ಮೆಟ್ಟಿಲ ಮೇಲೇ ನೊರೆ ಕಾರಿ ಸತ್ತಿತು. ಮಕ್ಕಳು ಶಾಲೆಗೆ ಹೋಗುವಾಗ ಅದನ್ನು ದಾಟಿಕೊಂಡು ಹೋದರು. ಅವತ್ತೇ ಸಂಜೆ ಕಟ್ಟಡದ ಸಂಘದ ಸಭೆಯಲ್ಲಿ, ಎಂದೂ ಬಾಯಿ ಬಿಡದ ಪರದೆಯಮ್ಮ ಎದ್ದು ನಿಂತಳು.

"ಸಾಯಿಸಿದ್ರೆ ಮುಗಿಯಲ್ಲ. ಎತ್ಕೊಂಡು ಹೋಗಿ ದೂರ ಬಿಟ್ರೂ ಮುಗಿಯಲ್ಲ. ಖಾಲಿ ಮನೆಗೆ ಬಾಡಿಗೆಯೋರು ಬರಲ್ವಾ, ಹಾಗೆ ಬೇರೆ ಬೆಕ್ಕು ಬಂದು ಕೂರ್ತವೆ. ಇರೋವನ್ನ ಹಿಡಿದು ಆಪರೇಷನ್ ಮಾಡ್ಸಿ ಇಲ್ಲೇ ಬಿಡೋಣ. ಅವು ಇನ್ನೊಂದನ್ನ ಬರೋಕೆ ಬಿಡಲ್ಲ, ತಾವೂ ಹೆಚ್ಚಲ್ಲ."

"ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಕಥೇಲಿ ಕೇಳಿದ್ವಿ," ಎಂದ ಕಾರ್ಯದರ್ಶಿ. "ಇಲ್ಲಿ ಬೆಕ್ಕಿಗೆ ಆಪರೇಷನ್ ಮಾಡ್ಸೋರು ಯಾರು ಪರದೆಯಮ್ಮ?"

ಎಲ್ಲರೂ ನಕ್ಕರು. "ನಾನೇ," ಎಂದಳು ಆಕೆ. ನಗು ನಿಂತಿತು. ಕೊನೆಗೆ ಸಂಘ ಒಪ್ಪಿತು, ಒಂದು ಷರತ್ತಿನ ಮೇಲೆ: ಬರುವ ಬೇಸಿಗೆ ಮುಗಿಯುವುದರೊಳಗೆ ಎಲ್ಲವೂ ಆಗಬೇಕು. ಆಮೇಲೆ ಒಂದೇ ಒಂದು ಹೊಸ ಮರಿ ಕಂಡರೂ ಬೆಕ್ಕು ಹಿಡಿದೊಯ್ಯುವ ಗೋಣಿಚೀಲದವರನ್ನು ಕರೆಸುವುದು. ಆಗ ಆಪರೇಷನ್ ಆದದ್ದು, ಆಗದ್ದು ಅಂತ ಭೇದವಿಲ್ಲ.

ಆಕೆ ಒಂದೊಂದೇ ಬೆಕ್ಕನ್ನು ಹಿಡಿದಳು. ಪ್ರಾಣಿಗಳ ಆಸ್ಪತ್ರೆಗೆ ಒಯ್ದಳು, ಆಪರೇಷನ್ ಆದ ಗುರುತಿಗೆ ಎಡಗಿವಿಯ ತುದಿ ಕತ್ತರಿಸಿಕೊಂಡು ಬಂದವನ್ನು ಮತ್ತೆ ಹಿತ್ತಲಿಗೇ ಬಿಟ್ಟಳು. ಎಲ್ಲವೂ ಆದವು, ಬೂದಿಯೊಂದನ್ನು ಬಿಟ್ಟು. ಹೊಟ್ಟೆ ಹಸಿದರೆ ತಾನೇ ಬೆಕ್ಕು ಬೋನಿಗೆ ಬರುವುದು. ಬೂದಿಗೆ ಹಸಿವೇ ಇರಲಿಲ್ಲ. ಸೊಸೆ ಅದಕ್ಕೆ ಕದ್ದು ಹಾಕುತ್ತಿದ್ದಳು.

ಅತ್ತೆಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬೇಡವೆನ್ನಲಿಲ್ಲ. ಹೊಟ್ಟೆಯಲ್ಲೇ ಮಗು ಹೋದಮೇಲೆ ಸೊಸೆ ಕೋಣೆ ಬಿಟ್ಟು ಬಂದವಳಲ್ಲ. ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಕೆಲಸ; ಅಂಗಡಿಯ ಯಜಮಾನ ಫೋನ್ ಮಾಡಿ ಮಾಡಿ ಸುಸ್ತಾಗಿದ್ದ. ಮಗ ಲಿಫ್ಟು ರಿಪೇರಿಯವನು, ಊರಿನ ಲಿಫ್ಟುಗಳೆಲ್ಲ ಒಟ್ಟಿಗೇ ಕೆಟ್ಟುಹೋದವೇನೋ ಎಂಬಂತೆ ಕತ್ತಲಾದ ಮೇಲೇ ಮನೆಗೆ ಬರುತ್ತಿದ್ದ. ಮೂವರೂ ಒಂದೇ ಸೂರಿನಡಿ ಮೂರು ದಿಕ್ಕಾಗಿದ್ದರು. ಅಂಥದ್ದರಲ್ಲಿ ಒಂದು ಬೆಳಿಗ್ಗೆ ಹಿಂಬಾಗಿಲು ತೆರೆದ ಸದ್ದಾಗಿ ಅತ್ತೆ ಇಣುಕಿದರೆ, ಸೊಸೆ ಮೆಟ್ಟಿಲ ಮೇಲೆ ಕೂತು ನೀಲಿ ಬಟ್ಟಲನ್ನು ಮುಂದಕ್ಕೆ ನೂಕುತ್ತಿದ್ದಳು. ಯಾರನ್ನೂ ಹತ್ತಿರ ಸೇರಿಸದ ಬೂದಿಬಣ್ಣದ ಬೆಕ್ಕು ಒಂದು ಮಾರು ದೂರದಲ್ಲಿ ಕೂತು ಅವಳನ್ನೇ ನೋಡುತ್ತಿತ್ತು. ಅತ್ತೆ ಸದ್ದಿಲ್ಲದೆ ಒಳಗೆ ಸರಿದು ಹೊಲಿಗೆ ಯಂತ್ರದ ಮುಂದೆ ಕೂತು ಅತ್ತಿದ್ದಳು. ಅವತ್ತಿನಿಂದ ಬೂದಿಯ ವಿಷಯವನ್ನು ಇವತ್ತು ನಾಳೆ ಎಂದು ತಳ್ಳುತ್ತ ಬಂದಳು. ಈಗ ಬೇಸಿಗೆ ಮುಗಿಯುತ್ತ ಬಂದಿತ್ತು. ಬೂದಿ ಭಾರವಾಗಿ ನಡೆಯುತ್ತಿತ್ತು.

"ನಾನೂ ಬರ್ತೀನಿ," ಎಂದಳು ಸೊಸೆ.

"ನೀನ್ಯಾಕೆ? ಬಿಸಿಲು. ನಾನು ಹೋಗಿ—"

"ಬರ್ತೀನಿ ಅಂದ್ನಲ್ಲ ಅತ್ತೆ."

ಬಟ್ಟೆ ಬದಲಿಸಿಕೊಂಡು ಬಂದಳು. ರವಿಕೆ ತೋಳಿನಲ್ಲಿ ಜೋಲುತ್ತಿತ್ತು. ಮನೆಯಿಂದ ಹೊರಗೆ ಕಾಲಿಡುವಾಗ ಹೊಸಿಲಲ್ಲಿ ಒಂದು ಕ್ಷಣ ನಿಂತಳು, ಆಮೇಲೆ ಬೋನಿನ ಒಂದು ಹಿಡಿಯನ್ನು ತಾನೇ ಹಿಡಿದಳು. ಆಟೋದಲ್ಲಿ ಬೋನನ್ನು ಇಬ್ಬರ ನಡುವೆ ಇಟ್ಟುಕೊಂಡರು. ಮೊದಲ ತಿರುವಿನಲ್ಲೇ ಚಾಲಕ ಬುರ್ರೆಂದು ತಿರುಗಿಸಿದಾಗ ಅತ್ತೆಯ ಬಾಯಿಗೆ ಯೋಚನೆಗಿಂತ ಮುಂಚೆ ಮಾತು ಬಂತು.

"ಮೆಲ್ಲಗೆ ಕಣಪ್ಪ, ಬಸುರಿ ಇದು."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಚಾಲಕ ನಕ್ಕು ವೇಗ ತಗ್ಗಿಸಿದ. ಸೊಸೆ ಹೊರಗೆ ನೋಡುತ್ತಿದ್ದಳು.

"ನಿಮಗೂ ಗೊತ್ತಿತ್ತು ಹಾಗಾದ್ರೆ," ಎಂದಳು, ಮುಖ ತಿರುಗಿಸದೆಯೇ.

ಆಸ್ಪತ್ರೆಯ ಜಗಲಿಯಲ್ಲಿ ಉದ್ದನೆಯ ಬೆಂಚು, ಫಿನಾಯಿಲ್ ವಾಸನೆ, ಕಾಲಿಗೆ ಪಟ್ಟಿ ಸುತ್ತಿಕೊಂಡ ಒಂದು ನಾಯಿ. ಡಾಕ್ಟರಮ್ಮ ಬೋನಿನ ಒಳಗಿನ ಹಲಗೆಯನ್ನು ಸರಿಸಿ ಬೂದಿಯನ್ನು ಒಂದು ಮೂಲೆಗೆ ಒತ್ತಿ ಸರಳಿನ ಸಂದಿಯಿಂದ ಸೂಜಿ ಚುಚ್ಚಿದಳು. ಬೂದಿ ಒಮ್ಮೆ ಉಸ್ಸೆಂದು ಬುಸುಗುಟ್ಟಿ, ತೂಗಾಡಿ, ನೀಲಿ ಬಟ್ಟಲಿನ ಮೇಲೇ ತಲೆಯಿಟ್ಟು ಮಲಗಿತು. ಆಗ ಅದನ್ನು ಎತ್ತಿ ಒಳಗೆ ಒಯ್ದಳು. ಹೊರಗೆ ಬಂದಾಗ ಕೈಗವಸು ಕಳಚುತ್ತ ಅತ್ತೆಯ ಮುಂದೆ ನಿಂತಳು.

"ತುಂಬಿದೆ. ನಾಲ್ಕು ಇರಬಹುದು."

"ಹೂಂ," ಎಂದಳು ಅತ್ತೆ.

"ಇನ್ನೂ ಅರ್ಧ ದಾರಿ. ಈಗ ಮಾಡಿದ್ರೆ ತಾಯಿಗೆ ಹೆಚ್ಚು ಅಪಾಯ ಇಲ್ಲ. ಇನ್ನೆರಡು ವಾರ ಬಿಟ್ಟು ತಂದಿದ್ರೆ ನಾನೇ ಮುಟ್ತಿರ್ಲಿಲ್ಲ."

"ಒಳಗಿರೋವು?" ಎಂದಳು ಸೊಸೆ.

ಡಾಕ್ಟರಮ್ಮ ಅವಳನ್ನು ಆಗಲೇ ಸರಿಯಾಗಿ ನೋಡಿದ್ದು. ಅವಳ ಪ್ರಶ್ನೆಗಿಂತ ಮುಖಕ್ಕೆ ಉತ್ತರ ಕೊಡುವವಳಂತೆ ದನಿ ತಗ್ಗಿಸಿದಳು. "ತಾಯಿಗೆ ಕೊಡೋ ಮತ್ತಿನ ಔಷಧಿ ಅವಕ್ಕೂ ಇಳಿಯತ್ತೆ. ತಾಯಿ ಏಳತ್ತೆ. ಅವು ಏಳಲ್ಲ. ನೋವಾಗಲ್ಲ."

"ಮಾಡ್ದೇ ಇದ್ರೆ? ನಾನು ಮನೇಲಿ ಇಟ್ಕೋತೀನಿ. ನನ್ನ ಕೋಣೇಲೇ ಹೆರಲಿ."

"ಮನೇಲಿ ಹುಟ್ಟಿದ್ದಾಗಿದ್ರೆ ನಾನೂ ಹಾಗೇ ಅಂತಿದ್ದೆ ಕಣಮ್ಮ. ಇದು ಬೀದೀಲಿ ಬೆಳೆದಿದ್ದು. ನಾಲ್ಕು ಗೋಡೆ ಮಧ್ಯೆ ಕೂಡಿಹಾಕಿದ್ರೆ ಹೆದರಿ ಮರಿಗಳನ್ನ ಬಿಟ್ಟುಬಿಡತ್ತೆ, ಕೆಲವು ಸಲ ತಿಂದೂಹಾಕತ್ತೆ. ಕಣ್ಣಾರೆ ನೋಡಿದೀನಿ." ಅವಳು ಅತ್ತೆಯ ಕಡೆ ತಿರುಗಿದಳು. "ಕೊಟ್ಟಿರೋ ಮತ್ತು ಇಳಿಯೋದ್ರೊಳಗೆ ಹೇಳಿ. ಎರಡು ಸಲ ಮತ್ತು ಕೊಡೋದು ಒಳ್ಳೇದಲ್ಲ."

ಹಿಂದಿನ ಬೆಕ್ಕುಗಳಿಗೆಲ್ಲ ಅತ್ತೆ ಮಾತು ಮುಗಿಯುವ ಮುಂಚೆಯೇ ತಲೆಯಾಡಿಸಿದ್ದಳು. ಈಗಲೂ ತಲೆಯಾಡಿಸುವುದಕ್ಕೇ ಹೊರಟಳು. ಕತ್ತು ಬಗ್ಗಲಿಲ್ಲ. ಆಕೆ ಸೊಸೆಯನ್ನು ನೋಡಿದಳು.

"ನೀನೇ ಹೇಳಮ್ಮ."

"ನಾನಾ?" ಸೊಸೆಯ ದನಿ ಎತ್ತರಕ್ಕೇನೂ ಹೋಗಲಿಲ್ಲ. "ಈಗ ನನ್ನ ಕೇಳ್ತೀರಾ ಅತ್ತೆ? ಆವತ್ತು ಕೇಳಿದ್ರಾ?"

ಬೆಂಚಿನ ಮೇಲಿದ್ದ ನಾಯಿಯ ಯಜಮಾನ ಮುಖ ಆಚೆ ತಿರುಗಿಸಿದ. ಡಾಕ್ಟರಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

"ನನಗೆ ಎಚ್ಚರ ಬಂದಾಗ ತೋರ್ಸಿ ಅಂದೆ. ನರ್ಸು ತರೋಕೆ ಹೊರಟಿದ್ಲು. ನೀವು ಬೇಡ ಅಂದ್ರಿ. ನೋಡಿದ್ರೆ ಮರೆಯೋಕಾಗಲ್ಲ ಅಂದ್ರಿ. ಸಾಯಂಕಾಲದ ಹೊತ್ತಿಗೆ ಅಮ್ಮ ಮಗ ಸೇರ್ಕೊಂಡು ಮಣ್ಣು ಮಾಡಿ ಬಂದ್ರಿ. ನೀವಿಬ್ರೂ ನೋಡಿದೀರಿ. ನಾನು ಹೊತ್ತವಳು, ನಾನು ನೋಡ್ಲಿಲ್ಲ."

ಇಷ್ಟು ಕಾಲ ಮನೆಯಲ್ಲಿ ಯಾರೂ ಆಡದ ಮಾತು ಅದು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ಒಳ್ಳೆಯದಕ್ಕೇ ಮಾಡಿದೆ ಎಂದು ಹೇಳಬಹುದಿತ್ತು. ಮನಸ್ಸಿನಲ್ಲೇ ಅದನ್ನು ಎಷ್ಟೋ ಸಲ ಹೇಳಿಕೊಂಡಿದ್ದಳು.

ಸೊಸೆ ಜಗಲಿಯ ಆ ತುದಿಗೆ ನಡೆದುಹೋದಳು. ಅಲ್ಲಿ ನೆಲದ ಮೇಲೆ ಕೂತ ಆಯಾ ಒಂದು ರಟ್ಟಿನ ಡಬ್ಬದಲ್ಲಿದ್ದ ಬೆಕ್ಕಿನ ಮರಿಗಳ ಬಾಯಿಗೆ ಹನಿಹನಿಯಾಗಿ ಹಾಲು ಬಿಡುತ್ತಿದ್ದಳು. ಕೀವು ಕಟ್ಟಿ ಅವುಗಳ ಕಣ್ಣುಗಳು ಅಂಟಿಹೋಗಿದ್ದವು. ಒಂದು ಮಾತ್ರ ಬಾಯಿ ತೆರೆದು ಕೂಗುತ್ತಿತ್ತು, ದನಿಯೇ ಇರಲಿಲ್ಲ. ಸೊಸೆ ಬಗ್ಗಿ ಕೂತಳು.

"ತಾಯಿ ಎಲ್ಲಿ?"

"ಯಾರಿಗ್ಗೊತ್ತು. ಗೇಟ್ ಹತ್ರ ಇಟ್ಟು ಓಡಿಹೋಗ್ತಾರೆ."

"ಬದುಕ್ತಾವಾ?"

ಆಯಾ ಡಬ್ಬದೊಳಗೆ ಬೆರಳಿಟ್ಟು ಒಂದನ್ನು ಮೆಲ್ಲನೆ ಅಲುಗಿಸಿ ನೋಡಿದಳು. "ಇದಿಲ್ಲ. ಅದೊಂದು ಬದುಕಿದ್ರೂ ಬದುಕೀತು."

"ಆಮೇಲೆ?"

"ಆಮೇಲೇನು, ಇನ್ನೊಂದು ಡಬ್ಬ ಬರತ್ತೆ," ಎಂದಳು ಆಯಾ. ಕಟುವಾಗಿ ಹೇಳಿದ್ದಲ್ಲ. ನಾಳೆಯೂ ಬಿಸಿಲಿರುತ್ತದೆ ಎನ್ನುವಂತೆ ಹೇಳಿದಳು.

ಸೊಸೆ ಆ ಡಬ್ಬದ ಪಕ್ಕ ತುಂಬಾ ಹೊತ್ತು ಕೂತಳು. ಡಾಕ್ಟರಮ್ಮ ಎರಡು ಸಲ ಬಾಗಿಲಿಗೆ ಬಂದು ನೋಡಿ ಹೋದಳು. ಅತ್ತೆ ಅವಸರ ಮಾಡಲಿಲ್ಲ. ಕೊನೆಗೆ ಸೊಸೆ ಎದ್ದು, ಮಂಡಿಯ ಧೂಳು ಕೊಡವಿಕೊಂಡು ಬಂದಳು.

"ಮಾಡಿ ಡಾಕ್ಟ್ರೇ." ಡಬ್ಬದ ಕಡೆ ಒಮ್ಮೆ ತಿರುಗಿ ನೋಡಿದಳು. "ಆಮೇಲೆ ನನಗೆ ತೋರಿಸ್ಬೇಕು."

"ಏನನ್ನ?"

"ಮರಿಗಳನ್ನ."

ಡಾಕ್ಟರಮ್ಮನ ಮುಖ ಬಾಡಿತು. "ಬೇಡಮ್ಮ. ಅವಿನ್ನೂ ಮರಿಗಳ ಹಾಗಿರಲ್ಲ. ಯಾರೂ ನೋಡೋ ಅಂಥದ್ದಲ್ಲ." ಎಂದಿನಂತೆ ಹಿರಿಯರ ಕಡೆ ತಿರುಗಿದಳು. "ನೀವಾದ್ರೂ ಹೇಳಿ ಅಮ್ಮ."

ಆವತ್ತೂ ನರ್ಸು ಹೀಗೆಯೇ ತಿರುಗಿದ್ದಳು, ಬಿಳಿ ಬಟ್ಟೆಯ ಗಂಟನ್ನು ಎದೆಗೊತ್ತಿಕೊಂಡು. ಅತ್ತೆಯ ಗಂಟಲಲ್ಲಿ ಅದೇ ಬೇಡ ಎನ್ನುವ ಮಾತು ಏರಿ ಬಂತು. ಆಕೆ ಅದನ್ನು ನುಂಗಿಕೊಂಡಳು.

"ತೋರ್ಸಿ ಡಾಕ್ಟ್ರೇ," ಎಂದಳು. "ಅವಳು ನೋಡ್ಲಿ."

ಆಪರೇಷನ್ ಮುಗಿಯುವವರೆಗೆ ಅತ್ತೆ ಸೊಸೆ ಒಂದೇ ಬೆಂಚಿನಲ್ಲಿ ಕೂತಿದ್ದರು, ನಡುವೆ ಖಾಲಿ ಬೋನು. ಕರೆದಾಗ ಸೊಸೆ ಮುಂದೆ ಹೋದಳು, ಅತ್ತೆ ಬಾಗಿಲಲ್ಲೇ ನಿಂತಳು. ಡಾಕ್ಟರಮ್ಮ ಉಕ್ಕಿನ ತಟ್ಟೆಯ ಮೇಲಿನ ಬಟ್ಟೆ ಸರಿಸಿದಳು. ತಟ್ಟೆಯಲ್ಲಿ ಏನಿತ್ತೋ ಅತ್ತೆಗೆ ಕಾಣಲಿಲ್ಲ. ಸೊಸೆಯ ಬೆನ್ನು ಕಾಣುತ್ತಿತ್ತು. ಆ ಬೆನ್ನು ಒಮ್ಮೆಯೂ ಅಲುಗಲಿಲ್ಲ. ಬಗ್ಗಿ, ಒಂದೇ ಬೆರಳಿನಿಂದ ಒಂದೊಂದನ್ನೂ ಮುಟ್ಟಿದಳು. ಎಳ್ಳಷ್ಟೂ ಒತ್ತಿರಲಿಕ್ಕಿಲ್ಲ. ಆಮೇಲೆ ಬಟ್ಟೆಯನ್ನು ತಾನೇ ಮುಚ್ಚಿ, ಮಲಗಿದ ಮಗುವಿಗೆ ಹೊದಿಸಿದಂತೆ ಅಂಚುಗಳನ್ನು ಒಳಗೆ ಸಿಕ್ಕಿಸಿದಳು.

"ಎಲ್ಲಿ ಹಾಕ್ತೀರಿ?"

"ಹಿಂದುಗಡೆ ಗುಂಡಿ ಇದೆ."

"ಎಲ್ಲದರ ಜೊತೆಗಾ?"

"ಹೂಂ ಕಣಮ್ಮ."

"ಸರಿ," ಎಂದಳು ಸೊಸೆ. ಒಬ್ಬೊಬ್ಬರೇ ಇರುವುದಕ್ಕಿಂತ ಅದು ಮೇಲು ಎಂದುಕೊಂಡಳೋ ಏನೋ. ಕೇಳುವ ಧೈರ್ಯ ಅತ್ತೆಗಿರಲಿಲ್ಲ.

ಬೂದಿ ಆ ರಾತ್ರಿ ಅವರ ಮನೆಯ ಬಚ್ಚಲಿನಲ್ಲಿತ್ತು, ಗವಸು ಹೊದ್ದ ಬೋನಿನೊಳಗೆ. ಮಗ ಅವತ್ತು ಬೆಳಕಿರುವಾಗಲೇ ಬಂದ. ಯಾರು ಫೋನ್ ಮಾಡಿದ್ದರೋ, ಅಥವಾ ಯಾರೂ ಮಾಡಿರಲಿಲ್ಲವೋ. ಚಪ್ಪಲಿ ಕಳಚಿ ನೇರ ಬಚ್ಚಲ ಬಾಗಿಲಿಗೆ ಹೋದ. ಒಳಗೆ ಕಾಲುಮಣೆಯ ಮೇಲೆ ಹೆಂಡತಿ ಕೂತಿದ್ದಳು.

"ಹೇಗಿದೆ?" ಎಂದ.

"ಮಲಗಿದೆ."

"ನೀನು?"

ಅವಳು ಮಣೆಯನ್ನು ಗೋಡೆಯ ಕಡೆ ಸರಿಸಿ ಜಾಗ ಮಾಡಿದಳು. ಲಿಫ್ಟಿನ ಗ್ರೀಸು ಮೆತ್ತಿದ ಪ್ಯಾಂಟಿನಲ್ಲೇ ಅವನು ತೇವದ ನೆಲದ ಮೇಲೆ ಅವಳ ಪಕ್ಕ ಕೂತ. ಅತ್ತೆ ಅಡುಗೆಮನೆಯ ದೀಪ ಆರಿಸಿ, ಊಟಕ್ಕೆ ಕರೆಯದೆ, ತನ್ನ ಚಾಪೆಯ ಮೇಲೆ ಹೋಗಿ ಮಲಗಿದಳು.

ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಬೋನನ್ನು ಹಿತ್ತಲಿಗೆ ಇಳಿಸಿದರು. ಅತ್ತೆ ಬಾಗಿಲು ಎತ್ತಿ ಹಿಡಿದಳು. ಬೂದಿ ಬಾಣದಂತೆ ಚಿಮ್ಮಿತು. ಪಂಪಿನ ಕೋಣೆ, ಕಸದ ತೊಟ್ಟಿ, ಕಾಂಪೌಂಡಿನ ಗೋಡೆ. ಗೋಡೆಯ ಮೇಲೆ ನಿಂತು ಒಮ್ಮೆ ತಿರುಗಿ ನೋಡಿತು. ಎಡಗಿವಿಯ ತುದಿಯನ್ನು ನೇರಕ್ಕೆ ಕತ್ತರಿಸಿದ್ದರು. ಹೊಟ್ಟೆಯಲ್ಲಿ ಕೂದಲು ಬೋಳಿಸಿದ ಜಾಗ ಗುಲಾಬಿಯಾಗಿ ಕಾಣುತ್ತಿತ್ತು. ಸೊಸೆ ಕೈ ಮುಂದೆ ಚಾಚಿ ಬಾಯಲ್ಲಿ ಚುಚುಚು ಎಂದಳು. ಬೂದಿ ಆ ಕೈಯನ್ನು ನೋಡಿತು. ಗೋಡೆಯಾಚೆ ಹಾರಿತು.

"ಬರತ್ತೆ ಬಿಡು," ಎಂದಳು ಅತ್ತೆ. "ನಾಲ್ಕು ದಿನ ಮುನಿಸು. ಎಲ್ಲವೂ ಹಾಗೇ."

"ಬರದೇನೂ ಇರಬಹುದು."

"ಬರದೇನೂ ಇರಬಹುದು," ಎಂದು ಅತ್ತೆ ಒಪ್ಪಿಕೊಂಡಳು.

ಸೊಸೆ ಮೆಟ್ಟಿಲ ಮೇಲೆ ಕೂತಳು. ಅತ್ತೆ ಬೋನನ್ನು ತೊಳೆಯಲು ಬಗ್ಗಿದವಳು ಬಿಟ್ಟು ಬಂದು, ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತಳು. ಮೇಲಿನ ಮಹಡಿಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

"ಅತ್ತೆ."

"ಹೂಂ."

"ಹೇಗಿದ್ಲು?"

ಯಾರು ಎಂದು ಅತ್ತೆ ಕೇಳಲಿಲ್ಲ. ಅಂಗೈಗಳನ್ನು ತೊಡೆಯ ಮೇಲೆ ಒರೆಸಿಕೊಂಡಳು.

"ಕೂದ್ಲಿತ್ತು. ತುಂಬಾ. ಒದ್ದೆಯಾಗಿ ಹಣೆಗೆ ಅಂಟಿತ್ತು, ನಾನೇ ಒರೆಸ್ದೆ. ಒಣಗಿದ ಮೇಲೆ ಕಿವಿ ಹತ್ರ ಸ್ವಲ್ಪ ಸುರುಳಿ ಬಂತು. ನಿನಗಿದೆಯಲ್ಲ, ಹಾಗೆ."

ಸೊಸೆಯ ಕೈ ತನ್ನ ಕಿವಿಯ ಹತ್ತಿರ ಹೋಯಿತು.

"ಮೂಗು ಅವನದ್ದು. ಮೊಂಡು. ತುಟಿ ಮಾತ್ರ ಯಾರ ಹಾಗಿತ್ತೋ ಗೊತ್ತಾಗ್ಲಿಲ್ಲ. ಮುಖ ಸಿಟ್ಟು ಮಾಡ್ಕೊಂಡ ಹಾಗಿತ್ತು, ನಿದ್ದೆಯಿಂದ ಎಬ್ಬಿಸಿದ್ರೆ ಮಾಡ್ತಾರಲ್ಲ. ಉಗುರಿತ್ತು ಕಣಮ್ಮ. ಅಷ್ಟು ಚಿಕ್ಕ ಬೆರಳಿಗೆ ಉಗುರು." ಆಕೆಯ ದನಿ ಒಡೆಯಿತು. ಮತ್ತೆ ಜೋಡಿಸಿಕೊಂಡಳು. "ನಾನು ಹೊಲಿದಿಟ್ಟಿದ್ನಲ್ಲ ಹಳದಿ ಅಂಗಿ, ಅದನ್ನೇ ಹಾಕ್ದೆ. ದೊಡ್ಡದಾಯ್ತು. ತೋಳು ಮಡಚಿ ಹಾಕ್ದೆ. ಎರಡು ಮಡಿಕೆ."

"ಅಂಗಿ ಹಾಕಿದ್ರಾ?"

"ಬರೀ ಮೈಯಲ್ಲಿ ಹೇಗೆ ಕಳಿಸ್ಲಿ?"

ಸೊಸೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅತ್ತೆ ಅವಳನ್ನು ಸುಮ್ಮನಿರು ಎನ್ನಲಿಲ್ಲ. ಅಳು ತಾನಾಗಿಯೇ ಇಳಿಯುವವರೆಗೆ ಕಾದಳು.

"ಎಷ್ಟಿದ್ಲು?" ಎಂದಳು ಸೊಸೆ ಕೊನೆಗೆ. "ಎಷ್ಟುದ್ದ?"

ಅತ್ತೆ ಅವಳ ಎಡಗೈಯನ್ನು ತೆಗೆದು ತನ್ನ ಮಂಡಿಯ ಮೇಲೆ ಮೇಲ್ಮೊಗವಾಗಿ ಚಾಚಿದಳು. ಮೊಣಕೈಯ ಮಡಿಕೆಯಲ್ಲಿ ಹೆಬ್ಬೆರಳು ಊರಿದಳು. "ತಲೆ ಇಲ್ಲಿ." ಇನ್ನೊಂದು ಕೈಯ ಬೆರಳು ಮಣಿಕಟ್ಟನ್ನು ದಾಟಿ, ಅಂಗೈಯ ಮೇಲೆ ಹೋಗಿ, ಬೆರಳುಗಳ ಬುಡದಲ್ಲಿ ನಿಂತಿತು. "ಕಾಲು ಇಲ್ಲಿಗೆ."

ಅಷ್ಟು ಹೇಳಿ ಆಕೆ ತನ್ನ ಕೈ ತೆಗೆದಳು. ಒಳಗೆ ಯಾರೋ ಸ್ವಿಚ್ಚು ಒತ್ತಿದರು. ಪಂಪು ಗುಡುಗುಡು ಎಂದು ಶುರುವಾಗಿ, ನೀರು ಕೊಳವೆಯಲ್ಲಿ ಮೇಲಕ್ಕೆ ಏರತೊಡಗಿತು. ಸೊಸೆ ಚಾಚಿದ ತೋಳನ್ನು ಮಡಚಲಿಲ್ಲ, ಅಲುಗಿಸಲೂ ಇಲ್ಲ. ಬಿಸಿಲು ಮೆಟ್ಟಿಲೇರಿ ಬಂದು ಅದರ ಮೇಲೆ ಬಿದ್ದಾಗ, ಇನ್ನೊಂದು ಕೈಯಿಂದ ಸೆರಗನ್ನು ಎಳೆದು ನೆರಳು ಮಾಡಿದಳು.